ತೌಲನಿಕ ಓದು: ಎರಡು ಪುಸ್ತಕಗಳು ಒಂದೇ ಮೇಜಿಗೆ ಬಂದ ಕಥೆ



ನಿಮ್ಮಲ್ಲಿ ಹಲವರ ಮಕ್ಕಳು ಈಗ ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ಎರಡು ಕೃತಿಗಳನ್ನು ಓದಿ, ಅವುಗಳನ್ನು ಹೋಲಿಸಿ, ತಮ್ಮ ಪ್ರತಿಕ್ರಿಯೆಯನ್ನು ಎರಡು ಮೂರು ಪುಟಗಳಲ್ಲಿ ಬರೆದು ತರಬೇಕೆಂದು ಅವರ ಅಧ್ಯಾಪಕರು ಹೇಳುತ್ತಾರಂತೆ. ಬೊಬ್ರುವಾಡದ ನಮ್ಮ ಮನೆಗೆ ಬಂದಾಗ ಆ ಮಕ್ಕಳು ನನ್ನನ್ನು ಕೇಳುವುದುಂಟು: "ಸರ್, ಇದನ್ನು ಬರೆಯುವುದು ಹೇಗೆ?" ನಾನು ಇತಿಹಾಸ ಕಲಿಸಿದವನು. ಹೇಗೆ ಎಂಬುದಕ್ಕಿಂತ ಮೊದಲು, ಇದು ನಮ್ಮಲ್ಲಿಗೆ ಎಲ್ಲಿಂದ ಬಂತು ಎಂಬುದನ್ನೇ ಹೇಳತೊಡಗುತ್ತೇನೆ. ಅದನ್ನೇ ಇಲ್ಲಿ ಸ್ವಲ್ಪ ಕ್ರಮವಾಗಿ ಬರೆದಿಡುವ ಮನಸ್ಸಾಗಿದೆ.

ಹೋಲಿಸಿ ನೋಡುವ ಬುದ್ಧಿ ನಮ್ಮ ಸೀಮೆಗೆ ಹೊಸತಲ್ಲ. ಯಕ್ಷಗಾನವನ್ನು ನೆನೆಯಿರಿ. ಭಾಗವತರು ಹಾಡುವ ಪದ ಒಂದೇ. ಆದರೆ ಅದಕ್ಕೆ ಅರ್ಥ ಹೇಳುವ ಪಾತ್ರಧಾರಿ ಬದಲಾದರೆ ಕೌರವನೂ ಬದಲಾಗುತ್ತಾನೆ. ಕೆರೆಮನೆ ಶಿವರಾಮ ಹೆಗಡೆಯವರ ದುರ್ಯೋಧನನನ್ನು ಕಂಡವರು ಮುಂದೆ ಯಾವ ದುರ್ಯೋಧನನನ್ನು ನೋಡಿದರೂ ಅವರನ್ನು ನೆನೆಯದೆ ಇರುತ್ತಿರಲಿಲ್ಲ. ಬೆಳಗಿನ ಚಹದ ಹೊತ್ತಿಗೆ ನಡೆಯುತ್ತಿದ್ದ ಆ ಚರ್ಚೆ ತೌಲನಿಕ ವಿಮರ್ಶೆಯಲ್ಲದೆ ಮತ್ತೇನು? ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹಳೆಯ ದಫ್ತರಗಳಲ್ಲಿ ಮರಾಠಿ ಕಂಡ ಜಿಲ್ಲೆ ನಮ್ಮದು. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ನೆಲವಿದು. ಒಂದೇ ಸಂಗತಿಯನ್ನು ಎರಡು ಮೂರು ಬಾಯಿಗಳಲ್ಲಿ ಕೇಳುವುದು ಇಲ್ಲಿ ನಿತ್ಯದ ಮಾತು.

ಆದರೆ ಕಿವಿಯಲ್ಲಿ ಕೇಳಿ ಹೋಲಿಸುವುದು ಒಂದು, ಓದಿ ಹೋಲಿಸಿ ಬರೆಯುವುದು ಇನ್ನೊಂದು. ಬರೆಯಬೇಕಾದರೆ ಎರಡು ಪುಸ್ತಕಗಳು ಒಂದೇ ಮೇಜಿನ ಮೇಲೆ ಇರಬೇಕು. ಈ ಸಣ್ಣ ಸೌಕರ್ಯಕ್ಕಾಗಿ ಕನ್ನಡದ ಓದುಗ ಶತಮಾನಗಳ ಕಾಲ ಕಾಯಬೇಕಾಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಎದುರಿಗಿಟ್ಟುಕೊಂಡು, ಕೆಲವೆಡೆ ಅದನ್ನು ಅನುಸರಿಸಿ, ಕೆಲವೆಡೆ ಕನ್ನಡದ ಮಾತನ್ನೇ ಹೇಳಿದ ಗ್ರಂಥ. ಅಂದರೆ ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥವೇ ಒಂದು ಬಗೆಯ ತೌಲನಿಕ ಓದಿನ ಫಲ. ಆದರೂ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಮುದ್ರಣಕ್ಕೆ ತಂದದ್ದು 1898ರಲ್ಲಿ. ಅದೇ ವರ್ಷ ಬಿ. ಎಲ್. ರೈಸ್ ಅವರು ಪಂಪಭಾರತವನ್ನು ಪ್ರಕಟಿಸಿದರು. ಭಾಸನ ಹೆಸರಿನಲ್ಲಿ ಪ್ರಸಿದ್ಧವಾದ ನಾಟಕಗಳನ್ನು ಟಿ. ಗಣಪತಿ ಶಾಸ್ತ್ರಿಗಳು ತಾಳೆಗರಿಗಳಿಂದ ಬಿಡಿಸಿ ತಿರುವನಂತಪುರದಲ್ಲಿ ಮುದ್ರಿಸತೊಡಗಿದ್ದು 1912ರಲ್ಲಿ. ರನ್ನನ ದುರ್ಯೋಧನನನ್ನು ಊರುಭಂಗದ ದುರ್ಯೋಧನನ ಪಕ್ಕದಲ್ಲಿ ನಿಲ್ಲಿಸುವ ಅವಕಾಶ ಸಾಮಾನ್ಯ ವಿದ್ಯಾರ್ಥಿಗೆ ದೊರೆತದ್ದು ಅದರ ನಂತರವೇ.

ಅವಕಾಶ ದೊರೆತ ಕೂಡಲೇ ಅದನ್ನು ಬಳಸಿಕೊಂಡವರೂ ಇದ್ದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳನ್ನು ಓದಿದ ಕಣ್ಣಿನಿಂದ ರನ್ನನನ್ನು ಓದಿದರು. ಅವನ ಕಾವ್ಯವನ್ನು ಆಧರಿಸಿ 1926ರಲ್ಲಿ 'ಗದಾಯುದ್ಧ ನಾಟಕಂ' ಕೊಟ್ಟರು. 1929ರಲ್ಲಿ ಸೋಫೋಕ್ಲಿಸನ ಏಜಾಕ್ಸ್ ನಾಟಕವು ಅವರ ಕೈಯಲ್ಲಿ 'ಅಶ್ವತ್ಥಾಮನ್' ಆಯಿತು. ಒಂದನ್ನು ಓದಿದ್ದರಿಂದ ಇನ್ನೊಂದು ಹೊಸದಾಗಿ ಕಂಡಿತು. ಕಂಡದ್ದನ್ನು ಅವರು ಬರೆದರು. ಕಾಲೇಜಿನ ಮಕ್ಕಳಿಂದ ಇಂದು ಕೇಳುವುದೂ, ಸಣ್ಣ ಪ್ರಮಾಣದಲ್ಲಿ, ಇದನ್ನೇ.

ಅದೇ 1929ರಲ್ಲಿ ಇಂಗ್ಲೆಂಡಿನಲ್ಲಿ ಐ. ಎ. ರಿಚರ್ಡ್ಸ್ ಎಂಬ ಪ್ರಾಧ್ಯಾಪಕರು ಒಂದು ಗ್ರಂಥವನ್ನು ಪ್ರಕಟಿಸಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ತಮ್ಮ ತರಗತಿಯಲ್ಲಿ ಅವರು ಕವಿಯ ಹೆಸರನ್ನು ಮರೆಮಾಡಿ ಕವಿತೆಗಳನ್ನು ಹಂಚಿ, ವಿದ್ಯಾರ್ಥಿಗಳ ಪ್ರತಿಕ್ರಿಯೆಗಳನ್ನು ಬರೆಯಿಸಿಕೊಂಡಿದ್ದರು. ಅಂಥ 13 ಕವಿತೆಗಳ ಮೇಲಿನ ಬರಹಗಳನ್ನು ಪರಿಶೀಲಿಸಿ ಬರೆದ ಗ್ರಂಥವದು. ಕವಿಯ ಕೀರ್ತಿ ಎಂಬ ಊರುಗೋಲು ಇಲ್ಲದಾಗ ಜಾಣ ವಿದ್ಯಾರ್ಥಿಗಳೂ ಎಡವಿದ್ದರು. ಎದುರಿಗಿರುವ ಸಾಲನ್ನು ಓದದೆ, ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದ ಭಾವನೆಯನ್ನು ಹಲವರು ಬರೆದಿದ್ದರು. ಗೈಡು ನೋಡಿ ಬರೆದ ಉತ್ತರಗಳನ್ನು ವರ್ಷಗಟ್ಟಲೆ ತಿದ್ದಿದ ಯಾವ ಮಾಸ್ತರನಿಗೂ ಇದು ಆಶ್ಚರ್ಯದ ಸುದ್ದಿಯಲ್ಲ. ಎದುರಿಗಿರುವ ಪಠ್ಯಕ್ಕೆ ಓದುಗನನ್ನು ಮರಳಿ ಕರೆತರುವುದೇ 'ಓದಿನ ಪ್ರತಿಕ್ರಿಯೆ'ಯ ಉದ್ದೇಶ.

ಈಗ ಉದಾಹರಣೆಗೆ ಬರೋಣ. ಊರುಭಂಗದಲ್ಲಿ ನಾವು ಹೆಚ್ಚಾಗಿ ಕಾಣುವುದು ತೊಡೆ ಮುರಿದು ಬಿದ್ದ ಮೇಲಿನ ದುರ್ಯೋಧನನನ್ನು. ಸಿಟ್ಟಿಗೆದ್ದ ಬಲರಾಮನನ್ನು ಅವನೇ ಸಮಾಧಾನಪಡಿಸುತ್ತಾನೆ. ಎಳೆಯ ಮಗ ದುರ್ಜಯ ಬಂದು ತೊಡೆಯೇರಲು ಹೋದಾಗ, ಕುಳ್ಳಿರಿಸಿಕೊಳ್ಳಲು ತೊಡೆಯೇ ಇಲ್ಲದ ತಂದೆಯ ಸಂಕಟ ನಮ್ಮನ್ನು ತಟ್ಟುತ್ತದೆ. ಅವನು ವೈರವನ್ನು ಬಿಟ್ಟು ಸಾಯುತ್ತಾನೆ. ರನ್ನನಲ್ಲಾದರೋ ನಮ್ಮ ಮನಸ್ಸಿನಲ್ಲಿ ನಿಲ್ಲುವುದು ಗದಾಯುದ್ಧಕ್ಕೆ ಮೊದಲಿನ ದುರ್ಯೋಧನ. ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ, ತಮ್ಮ ದುಶ್ಶಾಸನನಿಗಾಗಿ, ಗೆಳೆಯ ಕರ್ಣನಿಗಾಗಿ ಗೋಳಿಡುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಆದರೆ ಸಂಧಿಯ ಮಾತಿಗೆ ಒಪ್ಪುವುದಿಲ್ಲ, ಛಲ ಬಿಡುವುದಿಲ್ಲ.

"ಇಬ್ಬರೂ ದುರ್ಯೋಧನನನ್ನು ದೊಡ್ಡವನನ್ನಾಗಿ ಮಾಡಿದ್ದಾರೆ" ಎಂದು ಬರೆದು ನಿಲ್ಲಿಸಿದರೆ ಅದು ಹೋಲಿಕೆಯ ಪಟ್ಟಿ ಮಾತ್ರ. "ಯಾರು ಹೆಚ್ಚು ಚೆನ್ನಾಗಿ ಬರೆದಿದ್ದಾರೆ" ಎಂದು ಅಂಕ ಕೊಡಲು ಹೊರಟರೆ ಅದು ಜಿದ್ದು. ನಿಜವಾದ ಪ್ರಶ್ನೆ ಇರುವುದು ಮುಂದೆ: ಒಬ್ಬನು ಅವನನ್ನು ಕ್ಷಮೆಯಿಂದ ದೊಡ್ಡವನನ್ನಾಗಿಸಿದರೆ, ಇನ್ನೊಬ್ಬನು ಛಲದಿಂದ ದೊಡ್ಡವನನ್ನಾಗಿಸಿದ್ದು ಏಕೆ? ಇಲ್ಲಿ ಇತಿಹಾಸವು ಸಹಾಯಕ್ಕೆ ಬರುತ್ತದೆ. ರನ್ನನು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹಾಡಿದ ಕವಿ. ಭೀಮ ಗೆಲ್ಲಲೇಬೇಕು, ಗೆಲುವು ದೊಡ್ಡದಾಗಬೇಕಾದರೆ ಸೋಲುವವನು ಸಣ್ಣವನಾಗಿರಬಾರದು. ಆದರೆ ಆಸ್ಥಾನದ ಆ ಅಗತ್ಯವನ್ನು ಮೀರಿ ಸೋತವನೇ ಓದುಗರ ಮನಸ್ಸನ್ನು ಗೆದ್ದುಕೊಂಡ. ರನ್ನನೊಬ್ಬನನ್ನೇ ಓದಿದವನಿಗೆ ಆ ಛಲ ಸಹಜವೆಂದು ತೋರೀತು. ಪಕ್ಕದಲ್ಲಿ ಊರುಭಂಗವನ್ನು ಇಟ್ಟಾಗಲೇ, ಇದು ಕವಿ ಆರಿಸಿಕೊಂಡ ದಾರಿ, ಬೇರೆ ದಾರಿಯೂ ಇತ್ತು ಎಂಬುದು ಹೊಳೆಯುತ್ತದೆ.

ಹೀಗೆ ಓದಿಸುವವರು ನಮ್ಮ ಸುತ್ತಲೂ ಇದ್ದರು. ಗಂಗಾವಳಿಯ ಆಚೆ ಗೋಕರ್ಣದಲ್ಲಿ ಪ್ರೌಢಶಾಲೆಯ ಶಿಕ್ಷಕರಾಗಿದ್ದ ಗೌರೀಶ ಕಾಯ್ಕಿಣಿಯವರು (1912-2002) ಹಲವು ಭಾಷೆಗಳ ಸಾಹಿತ್ಯ ವಿಚಾರಗಳನ್ನು ಆ ಸಣ್ಣ ಊರಿನಿಂದಲೇ ಕನ್ನಡಕ್ಕೆ ತಂದರು. ಆದರೆ ಹುಡುಗರಿಗೆ ಹತ್ತಿರದಲ್ಲಿ ಕಾಲೇಜು ಬೇಕಲ್ಲವೇ? ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ನಮ್ಮ ತಾಲೂಕಿನ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಜಿಲ್ಲೆಯ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆದರು. ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಕಾಲೇಜಿನ ಮುಖವನ್ನೇ ಕಾಣದ ಮನೆಗಳ ಮಕ್ಕಳಿಗೆ, ಎರಡು ಪುಸ್ತಕಗಳನ್ನು ಹರವಿಕೊಂಡು ಕೂರಬಹುದಾದ ಮೇಜು ಊರಿನಲ್ಲಿಯೇ ದೊರೆಯಿತು. ಅದನ್ನು ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ.

ಆ ಮೇಜಿನ ಮೇಲಿಂದ ಪುಸ್ತಕವನ್ನು ಎತ್ತಿಬಿಟ್ಟ ಪ್ರಸಂಗವೂ ನಮ್ಮ ಕಾಲದಲ್ಲಿಯೇ ನಡೆದಿದೆ. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, ಶಿಕಾಗೋದಲ್ಲಿ ನೆಲೆಸಿದ ಎ. ಕೆ. ರಾಮಾನುಜನ್ ಅವರು ರಾಮಾಯಣದ ಹಲವು ಹೇಳಿಕೆಗಳನ್ನು ಹೋಲಿಸಿ ಒಂದು ಪ್ರಬಂಧ ಬರೆದರು. 1987ರಲ್ಲಿ ವಿದ್ವಾಂಸರ ಸಮ್ಮೇಳನಕ್ಕಾಗಿ ಸಿದ್ಧವಾದ ಅದು 1991ರಲ್ಲಿ ಅಚ್ಚಾಯಿತು. ವಾಲ್ಮೀಕಿ, ಕಂಬ, ಜೈನ ಕವಿಗಳು, ಥಾಯ್ಲೆಂಡಿನ ರಾಮಾಯಣ ಇವುಗಳ ಜೊತೆಗೆ ಕನ್ನಡದ ಒಂದು ಜನಪದ ಕಥನವೂ ಅದರಲ್ಲಿದೆ. ಆ ಕಥೆಯಲ್ಲಿ ರಾವಣನೇ ಬಸುರಾಗಿ, ಸೀನಿದಾಗ ಸೀತೆ ಹುಟ್ಟುತ್ತಾಳೆ. ಸಂಸ್ಕೃತದಲ್ಲಿ 'ಸೀತಾ' ಎಂದರೆ ನೇಗಿಲಿನ ಗೆರೆ. ಆದ್ದರಿಂದ ಅಲ್ಲಿ ಅವಳು ಉಳುವಾಗ ಸಿಕ್ಕ ಮಗು. ಕನ್ನಡದಲ್ಲಿ 'ಸೀತ' ಎಂದರೆ ಸೀನಿದ. ಆದ್ದರಿಂದ ಇಲ್ಲಿ ಸೀನಿನಿಂದ ಹುಟ್ಟಿದವಳು. ಒಂದೇ ಹೆಸರನ್ನು ಎರಡು ಭಾಷೆಗಳು ತಮ್ಮ ತಮ್ಮ ಕಿವಿಯಿಂದ ಕೇಳಿವೆ. ಇದರಲ್ಲಿ ಸೀತೆಗೆ ಅಗೌರವವಿದೆಯೆಂದು ನನಗೆ ತೋರುವುದಿಲ್ಲ. ಅವಳನ್ನು ತನ್ನ ಮನೆಯ ಮಗಳೆಂದು ಕರೆದ ಕನ್ನಡದ ಸಲಿಗೆಯೇ ಕಾಣುತ್ತದೆ.

ದೆಹಲಿ ವಿಶ್ವವಿದ್ಯಾಲಯದ ಬಿ. ಎ. ಇತಿಹಾಸದ ಪಠ್ಯದಲ್ಲಿದ್ದ ಈ ಪ್ರಬಂಧದಿಂದ ಭಾವನೆಗಳಿಗೆ ನೋವಾಗುತ್ತದೆಂಬ ಆಕ್ಷೇಪ ಬಂತು. ಪರಿಶೀಲಿಸಿದ ನಾಲ್ವರು ತಜ್ಞರಲ್ಲಿ ಮೂವರು ಅದನ್ನು ಉಳಿಸಿಕೊಳ್ಳಬಹುದೆಂದರೂ, 2011ರ ಅಕ್ಟೋಬರಿನಲ್ಲಿ ವಿದ್ಯಾವಿಷಯಕ ಪರಿಷತ್ತು ಅದನ್ನು ಕೈಬಿಟ್ಟಿತು. ನೋವಾಯಿತೆಂದವರ ಭಕ್ತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಶಿಕ್ಷಕನಾಗಿ ಒಂದು ಮಾತು ಹೇಳಲೇಬೇಕು. ಒಂದು ಹೇಳಿಕೆಯನ್ನು ತೆಗೆದಾಗ ನಷ್ಟವಾಗುವುದು ಅದೊಂದೇ ಅಲ್ಲ. ಪಕ್ಕದಲ್ಲಿ ಮತ್ತೊಂದು ಇಲ್ಲದಿದ್ದರೆ, ಉಳಿದ ಹೇಳಿಕೆಯ ವಿಶೇಷವೇನೆಂಬುದೂ ವಿದ್ಯಾರ್ಥಿಗೆ ಕಾಣದೆ ಹೋಗುತ್ತದೆ. ವಾಲ್ಮೀಕಿಯ ಹಿರಿಮೆ ತಿಳಿಯಬೇಕಾದರೂ ಇತರರನ್ನು ಓದಬೇಕು.

ಆದ್ದರಿಂದ ಕೇಳಿದ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಎರಡನ್ನೂ ನೀವೇ ಓದಿರಿ. ಯಾರದೋ ಸಾರಾಂಶವನ್ನಾಗಲಿ, ಯಂತ್ರ ಬರೆದುಕೊಟ್ಟ ಉತ್ತರವನ್ನಾಗಲಿ ಓದಿ ಹೋಲಿಸಬೇಡಿರಿ. ಎರಡರಲ್ಲೂ ಬರುವ ಒಂದೇ ಸನ್ನಿವೇಶವನ್ನು ಆರಿಸಿಕೊಳ್ಳಿರಿ. ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಗುರುತಿಸಿ, ಏಕೆ ಎಂದು ಕಾಲವನ್ನೂ ಭಾಷೆಯನ್ನೂ ಕೇಳಿರಿ. ಕೊನೆಗೆ, ಎರಡನೆಯದನ್ನು ಓದಿದ ಮೇಲೆ ಮೊದಲನೆಯದು ನಿಮಗೆ ಹೇಗೆ ಬದಲಾಗಿ ಕಂಡಿತು ಎಂಬುದನ್ನು ಸಂಕೋಚವಿಲ್ಲದೆ ಬರೆಯಿರಿ. ಅಧ್ಯಾಪಕರು ಹುಡುಕುವುದು ಆ ನಾಲ್ಕು ಸಾಲುಗಳನ್ನೇ. ಅವು ಯಾವ ಗೈಡಿನಲ್ಲಿಯೂ ಸಿಗುವುದಿಲ್ಲ.