ಮದ್ಯಸಾರದಿಂದ ಎಥಿಲೀನ್

ಮದ್ಯಸಾರದ ಒಂದು ಅಣುವಿನಿಂದ ನೀರಿನ ಒಂದು ಅಣುವನ್ನು ಕಳೆದರೆ ಉಳಿಯುವುದು ಎಥಿಲೀನ್ ಎಂಬ ಅನಿಲ. ಹೇಳುವುದಕ್ಕೆ ಇಷ್ಟು ಸರಳವಾದ ಈ ಕ್ರಿಯೆಯ ಚರಿತ್ರೆಯಲ್ಲಿ ಶಾಸ್ತ್ರದೊಡನೆ ಯುದ್ಧವೂ ವಾಣಿಜ್ಯವೂ ಹೆಣೆದುಕೊಂಡಿವೆ.

1795ರಲ್ಲಿ ಹಾಲೆಂಡಿನ ನಾಲ್ವರು ರಸಾಯನಜ್ಞರು ಮದ್ಯಸಾರವನ್ನು ಗಂಧಕಾಮ್ಲದೊಡನೆ ಕಾಯಿಸಿ ಪಡೆದ ಈ ಅನಿಲವನ್ನು ಪರೀಕ್ಷಿಸಿದರು. ಕ್ಲೋರಿನ್ನಿನೊಡನೆ ಕೂಡಿ ಅದು ಎಣ್ಣೆಯಂಥ ದ್ರವವಾದುದರಿಂದ ಅದಕ್ಕೆ ತೈಲಜನಕವೆಂಬ ಅರ್ಥದ ಹೆಸರು ಬಂದಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಷ್ಯದ ಇಪಾಟ್ಯೆಫ್ ಎಂಬ ವಿದ್ವಾಂಸನು ಕಾದ ಅಲ್ಯೂಮಿನದ ಮೇಲೆ ಮದ್ಯಸಾರದ ಆವಿಯನ್ನು ಹಾಯಿಸಿದರೆ ಆಮ್ಲದ ಸಹಾಯವಿಲ್ಲದೆಯೇ ನೀರು ಬೇರ್ಪಡುವುದೆಂಬುದನ್ನು ವಿಶದಪಡಿಸಿದನು. ಅಲ್ಯೂಮಿನವು ತಾನು ವ್ಯಯವಾಗದೆ ಕ್ರಿಯೆಯನ್ನು ತ್ವರೆಗೊಳಿಸುವ ಪ್ರೇರಕ ವಸ್ತು. ಆದರೆ ಈ ಕ್ರಿಯೆಯು ಶಾಖವನ್ನು ಹೀರುತ್ತದೆ. ಉಷ್ಣತೆ ತಗ್ಗಿದರೆ ಎಥಿಲೀನಿಗೆ ಬದಲಾಗಿ ಈಥರ್ ಹೆಚ್ಚುತ್ತದೆ. ಆದುದರಿಂದ ಕುಲುಮೆಯ ಶಾಖವನ್ನು ಒಂದೇ ಸಮನಾಗಿ ಕಾಯುವುದೇ ಕಾರ್ಖಾನೆಯ ಮುಖ್ಯ ಕೌಶಲ.

ಈ ಕೌಶಲವು ಮೊದಲು ಸಂಹಾರಕ್ಕೆ ಒದಗಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಮದ್ಯಸಾರದಿಂದ ಪಡೆದ ಎಥಿಲೀನಿನಿಂದಲೇ ಚರ್ಮವನ್ನು ಬೊಬ್ಬೆಯೇಳಿಸುವ ಸಾಸಿವೆ ಅನಿಲವನ್ನು ತಯಾರಿಸಿ, 1917ರ ಜುಲೈಯಲ್ಲಿ ಈಪ್ರ್ ನಗರದ ಬಳಿ ಪ್ರಯೋಗಿಸಿದರು. ಇಂಗ್ಲೆಂಡಿನಲ್ಲಿ 1933ರಲ್ಲಿ ಪಾಲಿಥೀನ್ ಆವಿಷ್ಕೃತವಾಯಿತು. 1939ರಲ್ಲಿ ಅದರ ತಯಾರಿಕೆ ಆರಂಭವಾದಾಗಲೂ ಮೂಲವಸ್ತು ಮದ್ಯಸಾರದ ಎಥಿಲೀನೇ. ಆ ಪಾಲಿಥೀನ್ ರೇಡಾರ್ ಯಂತ್ರದ ತಂತಿಗಳಿಗೆ ಹೊದಿಕೆಯಾಗಿ ದೇಶರಕ್ಷಣೆಗೆ ನೆರವಾಯಿತು.

ಹಾಗಾದರೆ ಈ ಮಾರ್ಗ ಹಿಂದೆ ಬಿದ್ದುದೇಕೆ? 46 ಕಿಲೋಗ್ರಾಂ ಮದ್ಯಸಾರದಿಂದ ಎಷ್ಟೇ ಜಾಣತನ ತೋರಿದರೂ 28 ಕಿಲೋಗ್ರಾಮಿಗಿಂತ ಹೆಚ್ಚು ಎಥಿಲೀನ್ ದೊರೆಯದು. ಉಳಿದ 18 ನೀರಾಗಿ ಹೋಗುತ್ತದೆ. ಪೆಟ್ರೋಲಿಯಮನ್ನು ಕಾಯಿಸಿ ಒಡೆದು ಎಥಿಲೀನನ್ನು ಅಗ್ಗವಾಗಿ ಪಡೆಯುವ ವಿಧಾನ ಬಂದ ಮೇಲೆ ಈ ನಷ್ಟವನ್ನು ತಾಳುವವರು ವಿರಳರಾದರು. ಪೆಟ್ರೋಲಿಯಂ ಸಾಲದೆ ಕಾಕಂಬಿ ದಂಡಿಯಾಗಿದ್ದ ಭಾರತದಲ್ಲಿ ಮಾತ್ರ ಕಲ್ಕತ್ತೆಯ ಸಮೀಪದ ರಿಶ್ರಾದಂಥ ಸ್ಥಳಗಳಲ್ಲಿ ಹಳೆಯ ಮಾರ್ಗವೇ ಕೆಲಕಾಲ ನಡೆಯಿತು. 2010ರಲ್ಲಿ ಬ್ರೆಜಿಲಿನ ಟ್ರಿಯುಂಫೋದಲ್ಲಿ ಕಬ್ಬಿನ ಮದ್ಯಸಾರದಿಂದ ವರ್ಷಕ್ಕೆ 2 ಲಕ್ಷ ಟನ್ ಎಥಿಲೀನ್ ತಯಾರಿಸುವ ಕಾರ್ಖಾನೆ ಆರಂಭವಾಗಿ, ಆ ಮಾರ್ಗಕ್ಕೆ ಮರುಜೀವ ಬಂದಿತು.

ಗಣಿಯ ಎಣ್ಣೆ ಒಮ್ಮೆ ತೆಗೆದರೆ ಮುಗಿಯಿತು. ಕಬ್ಬು ಮತ್ತೆ ಚಿಗುರುತ್ತದೆ. ಆದರೆ ಕಬ್ಬಿಗೂ ನೆಲ ಬೇಕು, ನೀರು ಬೇಕು; ಅವೆರಡನ್ನೂ ಅನ್ನವೂ ಕೇಳುತ್ತದೆ. ಅಲ್ಯೂಮಿನವು ಮದ್ಯಸಾರದಿಂದ ನೀರನ್ನು ಬೇರ್ಪಡಿಸಬಲ್ಲುದು. ನೆಲದ ಫಲ ಯಾವುದಕ್ಕೆ ಸಲ್ಲಬೇಕೆಂಬುದನ್ನು ಮನುಷ್ಯನೇ ನಿರ್ಣಯಿಸಬೇಕು.