ಕಣ್ಣಿನ ಚಲನೆಯಿಂದ ಮನಸ್ಸಿನ ಗಾಯಕ್ಕೆ ಚಿಕಿತ್ಸೆ: ಏನಿದು ಇಎಂಡಿಆರ್?

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು, ಬದುಕುಳಿದವರು ಎಂಟೇ ಮಂದಿ. ದಕ್ಷಿಣ ಕನ್ನಡ, ಕಾಸರಗೋಡಿನ ಎಷ್ಟೋ ಮನೆಗಳು ಅಂದು ತಮ್ಮವರನ್ನು ಕಳಕೊಂಡವು. ಕೆಲವು ಮಯ್ಯಿತ್‌ಗಳ ಗುರುತಿಗೆ ಡಿಎನ್‌ಎ ಪರೀಕ್ಷೆಯೇ ಬೇಕಾಯಿತು. ಹತ್ತು ವರ್ಷ ಕಳೆದು 2020ರ ಲಾಕ್‌ಡೌನ್‌ನಲ್ಲಿ ಕುಂಜತ್ತೂರಿನ ಪಕ್ಕದ ತಲಪಾಡಿ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಗಡಿಯ ಈಚೆಗೇ ರೋಗಿಗಳು ಪ್ರಾಣ ಬಿಟ್ಟದ್ದನ್ನು ಮಂಜೇಶ್ವರದ ಜನ ಮರೆತಿಲ್ಲ. ಇನ್ನು ಹೆದ್ದಾರಿ 66ರ ಅಪಘಾತಗಳ ಬಗ್ಗೆ ಹೇಳುವುದೇ ಬೇಡ.

ಇಂಥದ್ದನ್ನು ಕಣ್ಣಾರೆ ಕಂಡವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಆಗುವುದಿಲ್ಲ. ರಾತ್ರಿ ಅದೇ ಕನಸು, ಹಾರನ್ ಕೇಳಿದರೆ ಎದೆ ಧಸಕ್ ಅನ್ನುವುದು, ಆ ರಸ್ತೆಯಲ್ಲಿ ಹೋಗಲೇ ಹೆದರಿಕೆ, ಸಣ್ಣ ಮಾತಿಗೂ ಸಿಟ್ಟು. ಇದು ಒಂದು ತಿಂಗಳು ಮೀರಿ ನಡೆದು ದಿನದ ಕೆಲಸಕ್ಕೆ ಅಡ್ಡಿಯಾದರೆ ವೈದ್ಯರು ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ ಎಂದು ಪರಿಗಣಿಸುತ್ತಾರೆ. ನಮ್ಮಲ್ಲಿ ಮಾತ್ರ ಇದಕ್ಕೆ 'ಹೆದರಿಕೆ ಹಿಡಿದಿದೆ' ಅಂತ ಹೆಸರು. ಮಂತ್ರಿಸಿದ ನೀರು ಕುಡಿಸಿ ಅಲ್ಲಿಗೇ ಬಿಡುವವರೂ ಇದ್ದಾರೆ. ದುಆ ಮಾಡಿಸುವುದಕ್ಕೆ ಯಾರದೂ ಆಕ್ಷೇಪ ಇಲ್ಲ, ಆದರೆ ಡಾಕ್ಟರಲ್ಲಿಗೆ ಹೋಗುವುದನ್ನು ತಡ ಮಾಡಿದರೆ ನರಳುವುದು ಆ ವ್ಯಕ್ತಿಯೇ.

ಈ ಕಾಯಿಲೆಗೆ ಇರುವ ಚಿಕಿತ್ಸೆಗಳಲ್ಲಿ ಇಎಂಡಿಆರ್ ಒಂದು. ಅಮೆರಿಕದ ಮನಃಶಾಸ್ತ್ರಜ್ಞೆ ಫ್ರಾನ್ಸೀನ್ ಶಾಪಿರೊ 1987ರಲ್ಲಿ ಪಾರ್ಕಿನಲ್ಲಿ ನಡೆಯುತ್ತಿದ್ದಾಗ, ಕಣ್ಣು ಆಚೀಚೆ ಚಲಿಸಿದಂತೆ ತನ್ನನ್ನು ಕಾಡುತ್ತಿದ್ದ ಯೋಚನೆಗಳ ಬಿಸಿ ಇಳಿದದ್ದನ್ನು ಗಮನಿಸಿದರಂತೆ. 1989ರಲ್ಲಿ 22 ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು ಅವರು ಪ್ರಕಟಿಸಿದರು. ಮೊದಮೊದಲು ಬಹಳ ಮಂದಿ ನಂಬಲಿಲ್ಲ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಹಾಗೂ ದೊಡ್ಡವರ ಪಿಟಿಎಸ್‌ಡಿಗೆ ಸೂಚಿಸಿದ ಚಿಕಿತ್ಸೆಗಳಲ್ಲಿ ಇದೂ ಇತ್ತು.

ಚಿಕಿತ್ಸೆಯಲ್ಲಿ ಎಂಟು ಹಂತಗಳಿವೆ. ಕಣ್ಣು ಆಡಿಸುವುದು ಮೊದಲ ದಿನವೇ ಶುರುವಾಗುವುದಿಲ್ಲ. ಥೆರಪಿಸ್ಟ್ ಮೊದಲು ವ್ಯಕ್ತಿಯ ಹಿನ್ನೆಲೆ ಕೇಳಿಕೊಳ್ಳುತ್ತಾರೆ, ಗಾಬರಿ ಹೆಚ್ಚಾದಾಗ ಮನಸ್ಸು ಸಮಾಧಾನಕ್ಕೆ ತರುವ ಉಪಾಯ ಕಲಿಸುತ್ತಾರೆ. ಆಮೇಲೆ ಕಾಡುವ ಘಟನೆಯ ಒಂದು ದೃಶ್ಯ, ಅದರ ಜೊತೆಗೆ ಅಂಟಿಕೊಂಡ ಮಾತು ('ತಪ್ಪು ನನ್ನದೇ', 'ನಾನು ಕಾಪಾಡಬಹುದಿತ್ತು'), ದೇಹದಲ್ಲಿ ಅದು ಎಲ್ಲಿ ಬಿಗಿಯುತ್ತದೆ ಎಂಬುದನ್ನು ಗುರುತಿಸಬೇಕು. ಸಂಕಟ ಎಷ್ಟು ಅಂತ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಬೇಕು. ಆ ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು, ಎದುರಿಗೆ ಎಡಕ್ಕೂ ಬಲಕ್ಕೂ ಚಲಿಸುವ ಥೆರಪಿಸ್ಟರ ಬೆರಳನ್ನು ತಲೆ ಅಲ್ಲಾಡಿಸದೆ ಕಣ್ಣಿನಿಂದಲೇ ಹಿಂಬಾಲಿಸುವುದು ನಂತರದ ಕೆಲಸ. ಸುಮಾರು ಅರ್ಧ ನಿಮಿಷ ಆದ ಮೇಲೆ ನಿಲ್ಲಿಸಿ 'ಈಗ ಏನು ಬಂತು?' ಅಂತ ಕೇಳುತ್ತಾರೆ. ಮತ್ತೆ ಶುರು. ಅಂಕ ಸೊನ್ನೆಗೆ ಹತ್ತಿರ ಬರುವವರೆಗೂ ಹೀಗೆಯೇ, ಬೇಕಾದರೆ ಇನ್ನೊಂದು ದಿನಕ್ಕೂ ಮುಂದುವರಿಯುತ್ತದೆ. ಬಳಿಕ ಹಳೆ ಮಾತಿನ ಜಾಗದಲ್ಲಿ 'ನನ್ನಿಂದ ಆಗುವುದನ್ನು ಮಾಡಿದೆ' ಎಂಬಂಥ ಮಾತನ್ನು ಗಟ್ಟಿ ಮಾಡುತ್ತಾರೆ. ಕಣ್ಣಿನ ಬದಲು ಅಂಗೈ ತಟ್ಟುವುದು, ಎರಡು ಕಿವಿಗೂ ಸರದಿಯಂತೆ ಶಬ್ದ ಕೇಳಿಸುವುದೂ ಉಂಟು. ಒಂದು ಬಾರಿಗೆ ಒಂದರಿಂದ ಒಂದೂವರೆ ಗಂಟೆ ಬೇಕು. ಒಂದೇ ಘಟನೆಯ ಆಘಾತಕ್ಕೆ ಸಾಮಾನ್ಯವಾಗಿ ಕೆಲವೇ ಭೇಟಿ ಸಾಕಾಗಬಹುದು. ಬಾಲ್ಯದಿಂದ ಅನುಭವಿಸಿಕೊಂಡು ಬಂದ ಹಿಂಸೆಯಾದರೆ ತಿಂಗಳುಗಟ್ಟಲೆ ಬೇಕಾದೀತು.

ಇಲ್ಲಿ ಹಿಪ್ನಾಟಿಸಂ ಇಲ್ಲ, ನೆನಪು ಅಳಿಸಿ ಹೋಗುವುದೂ ಇಲ್ಲ. ನಡೆದದ್ದು ನೆನಪಿರುತ್ತದೆ, ಅದರ ಉರಿ ಕಡಿಮೆಯಾಗುತ್ತದೆ. ಹೇಗೆ? ಒಂದು ವಿವರಣೆ ಹೀಗಿದೆ: ಮಿದುಳು ಒಂದೇ ಹೊತ್ತಿಗೆ ನೆನಪನ್ನೂ ಚಲಿಸುವ ಬೆರಳನ್ನೂ ಹಿಡಿದಿಡಬೇಕಾದಾಗ ನೆನಪಿನ ತೀವ್ರತೆ ಮಸುಕಾಗುತ್ತದೆ. ಆದರೆ ಕಣ್ಣಿನ ಚಲನೆ ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ, ಸುರಕ್ಷಿತ ಜಾಗದಲ್ಲಿ ನೆನಪನ್ನು ಎದುರಿಸುವುದರಿಂದಲೇ ಗುಣವಾಗುತ್ತದೆಯೇ ಎಂಬ ಚರ್ಚೆ ತಜ್ಞರಲ್ಲಿ ಈಗಲೂ ನಡೆಯುತ್ತಿದೆ.

ನಮ್ಮವರಿಗೆ ಮುಖ್ಯವಾಗಬೇಕಾದ ವಿಷಯ ಬೇರೆ ಇದೆ. ಇಎಂಡಿಆರ್‌ನಲ್ಲಿ ನಡೆದದ್ದನ್ನೆಲ್ಲ ಬಿಡಿಸಿ ಹೇಳಲೇಬೇಕೆಂದಿಲ್ಲ, ಮನೆಯಲ್ಲಿ ಮಾಡಿಕೊಂಡು ಬರಲು ಹೋಂವರ್ಕೂ ಇರುವುದಿಲ್ಲ. ಲೈಂಗಿಕ ದೌರ್ಜನ್ಯ ಅನುಭವಿಸಿದ ಹೆಣ್ಣು ಮಗಳು, ಗಲ್ಫ್‌ನಲ್ಲಿ ಪಟ್ಟ ಪಾಡನ್ನು ಮನೆಯವರಿಗೂ ಹೇಳದ ಯುವಕ, ಇಂಥವರು ಬಾಯಿ ಬಿಡುವುದಕ್ಕೆ ನಾಚಿ ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಅವರಿಗೆ ಇದು ಸುಲಭವಾದ ದಾರಿ. ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಎಚ್ಚರಿಕೆಯೂ ಬೇಕು. ಆರಂಭದ ದಿನಗಳಲ್ಲಿ ಕೆಟ್ಟ ಕನಸು, ಅಳು ಹೆಚ್ಚಾಗುವುದಿದೆ. ಅಪಸ್ಮಾರ, ಕಣ್ಣಿನ ತೊಂದರೆ, ತೀವ್ರ ಮಾನಸಿಕ ಕಾಯಿಲೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಬೇಕು. ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಪ್ರಯೋಗ ಮಾಡುವುದು ಬೇಡವೇ ಬೇಡ. ನೆನಪು ಕೆದಕಿ ಬಂದಾಗ ಹಿಡಿದುಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ. ನಡೆಯುತ್ತಿರುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಲೂ ಬಾರದು.

ಎರಡು ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇರಬಹುದು. ಆದ್ದರಿಂದ ಇಎಂಡಿಆರ್ ತರಬೇತಿ ಎಲ್ಲಿ ಆಯಿತು ಅಂತ ಕೇಳುವುದರಲ್ಲಿ ಮುಲಾಜು ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕುಂಜತ್ತೂರಿನವರಿಗೆ ದೇರಳಕಟ್ಟೆ, ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳು ಹತ್ತಿರ. ಇಎಂಡಿಆರ್ ಎಲ್ಲ ಕಡೆ ಇರುವುದಿಲ್ಲ, ಫೋನ್ ಮಾಡಿ ವಿಚಾರಿಸಿ ಹೋಗುವುದು ಒಳ್ಳೆಯದು. ಯಾರಲ್ಲಿ ಕೇಳುವುದು ಅಂತಲೇ ಗೊತ್ತಾಗದಿದ್ದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಲಯಾಳದಲ್ಲೂ ಮಾತನಾಡಬಹುದು. ಕೇರಳದ 'ದಿಶಾ' ಸಹಾಯವಾಣಿಯ ಸಂಖ್ಯೆ 1056.