ಅಮಿಯಾ ಮೀನಿನ ಮಾನಾಪಮಾನಗಳು

ಮನುಷ್ಯನು ಪ್ರಾಣಿಗಳ ಯೋಗ್ಯತೆಯನ್ನು ಅಳೆಯಲು ಉಪಯೋಗಿಸುವ ಅಳತೆಗೋಲುಗಳು ಬಹುಮಟ್ಟಿಗೆ ಎರಡೇ: ಒಂದು ನಾಲಗೆಯ ರುಚಿ, ಮತ್ತೊಂದು ಬೇಟೆಯ ವಿನೋದ. ಈ ಎರಡಕ್ಕೂ ಒದಗದ ಪ್ರಾಣಿಯು ಎಷ್ಟೇ ಪುರಾತನ ವಂಶದ್ದಾದರೂ ಹೀನವೆನಿಸಿಕೊಳ್ಳುವುದು ಲೋಕರೂಢಿ. ಉತ್ತರ ಅಮೆರಿಕಾ ಖಂಡದ ಸರೋವರಗಳಲ್ಲಿಯೂ ಜೌಗುಗಳಲ್ಲಿಯೂ ವಾಸಿಸುವ ಅಮಿಯಾ ಎಂಬ ಮೀನಿನ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. ವಿದ್ವಾಂಸರ ಪ್ರಯೋಗಶಾಲೆಯಲ್ಲಿ ರತ್ನವೆನಿಸಿದ್ದ ಈ ಮೀನು ಅದೇ ಕಾಲದಲ್ಲಿ ಗಾಳಗಾರನ ದಡದ ಮೇಲೆ ಕಸವೆನಿಸಿತ್ತು. ಅದು ಕಸದ ಪದವಿಯಿಂದ ಮೇಲೇರಿದುದು ಹೇಗೆ, ಆ ಏರಿಕೆಯಿಂದ ಅದಕ್ಕೆ ಲಭಿಸಿದ ರಕ್ಷಣೆ ಎಷ್ಟು ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಇಂಗ್ಲಿಷಿನಲ್ಲಿ ಇದಕ್ಕೆ ಬೋಫಿನ್ ಎಂದು ಹೆಸರು. ಬಿಲ್ಲುರೆಕ್ಕೆಯ ಮೀನು ಎಂದರ್ಥ. ಬೆನ್ನಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸಿರುವ ಉದ್ದವಾದ ಈಜುರೆಕ್ಕೆಯೇ ಇದರ ಗುರುತು. ಆ ರೆಕ್ಕೆಯನ್ನು ಅಲೆಯಂತೆ ಆಡಿಸುತ್ತ, ಮೈಯನ್ನು ಅಲುಗಿಸದೆ, ಮುಂದಕ್ಕೂ ಹಿಂದಕ್ಕೂ ಮೆಲ್ಲನೆ ಸಾಗಬಲ್ಲುದು. ನೀರಿನಲ್ಲಿ ಪ್ರಾಣವಾಯು ಕಡಿಮೆಯಾದಾಗ ಮೇಲಕ್ಕೆ ಬಂದು ಬಾಯಿಂದ ಗಾಳಿಯನ್ನು ನುಂಗಿ, ಒಡಲಿನೊಳಗಿನ ಗಾಳಿಚೀಲದ ಮೂಲಕ ಉಸಿರಾಡುವುದು. ಆದುದರಿಂದ ಇತರ ಮೀನುಗಳು ಸಾಯುವ ಕೊಳಕು ನೀರಿನಲ್ಲಿಯೂ ಇದು ಬದುಕಿರುವುದು. ಗಂಡಿನ ಬಾಲದ ಬುಡದಲ್ಲಿ ಕಿತ್ತಳೆ ಬಣ್ಣದ ಅಂಚುಳ್ಳ ಕಪ್ಪು ಬೊಟ್ಟೊಂದು ಕಣ್ಣಿನಂತೆ ಎದ್ದು ಕಾಣುತ್ತದೆ.

ಶಾಸ್ತ್ರಲೋಕಕ್ಕೆ ಇದರ ಪರಿಚಯವಾದುದು ಹದಿನೆಂಟನೆಯ ಶತಮಾನದಲ್ಲಿ. ಆಗ ಬ್ರಿಟಿಷರ ವಸಾಹತಾಗಿದ್ದ ದಕ್ಷಿಣ ಕೆರೋಲಿನಾದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯನಿದ್ದನು. ಗಾರ್ಡೀನಿಯಾ ಎಂಬ ಹೂಗಿಡಕ್ಕೆ ಹೆಸರನ್ನು ಕೊಟ್ಟವನು ಈತನೇ. ಆತನು ಆ ಪ್ರಾಂತದ ಮೀನುಗಳನ್ನು ಸ್ವೀಡನ್ನಿನ ಲಿನ್ನೇಯಸ್ ಪಂಡಿತನಿಗೆ ಕಳುಹಿಸುತ್ತಿದ್ದನು. ಅವುಗಳಲ್ಲೊಂದಕ್ಕೆ ಲಿನ್ನೇಯಸನು ೧೭೬೬ರಲ್ಲಿ ಅಮಿಯಾ ಕಾಲ್ವಾ ಎಂದು ನಾಮಕರಣ ಮಾಡಿದನು. ಅಮಿಯಾ ಎಂಬುದು ಗ್ರೀಕರು ಬೇರೊಂದು ಮೀನಿಗೆ ಹೇಳುತ್ತಿದ್ದ ಹೆಸರು. ಕಾಲ್ವಾ ಎಂದರೆ ಲ್ಯಾಟಿನಿನಲ್ಲಿ ಬೋಳು. ತಲೆಯ ಮೇಲೆ ಹುರುಪೆಗಳಿಲ್ಲವಾದುದರಿಂದ ಈ ಬಿರುದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರಾಣಿಶಾಸ್ತ್ರಜ್ಞರು ಈ ಮೀನಿನತ್ತ ಮುಗಿಬಿದ್ದರು. ಡಾರ್ವಿನ್ನನ ವಿಕಾಸವಾದವು ಹರಡಿದ ಮೇಲೆ ಹಳೆಯ ವಂಶಗಳ ಬದುಕಿರುವ ಪ್ರತಿನಿಧಿಗಳಿಗೆ ಬೆಲೆ ಬಂದಿದ್ದಿತು. ಅಮಿಯಾದ ಕುಲದವರು ಒಂದಾನೊಂದು ಯುಗದಲ್ಲಿ ಯೂರೋಪು, ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಾಗಳಲ್ಲೆಲ್ಲ ಹರಡಿದ್ದರೆಂಬುದಕ್ಕೆ ಶಿಲೆಗಳಲ್ಲಿ ಸಾಕ್ಷ್ಯವಿದೆ. ಇಂದು ಉಳಿದಿರುವುದು ಉತ್ತರ ಅಮೆರಿಕಾದ ಶಾಖೆಯೊಂದೇ. ಮಿಲ್ವಾಕೀ ನಗರದ ಎಡ್ವರ್ಡ್ ಫೆಲ್ಪ್ಸ್ ಆಲಿಸ್ ಎಂಬ ಶ್ರೀಮಂತನು ಸ್ವಂತ ಪ್ರಯೋಗಶಾಲೆಯನ್ನು ಸ್ಥಾಪಿಸಿ, ಅಮಿಯಾದ ತಲೆಯ ಮಾಂಸಖಂಡಗಳನ್ನೂ ನರಗಳನ್ನೂ ಕುರಿತ ಬೃಹದ್ಗ್ರಂಥಪ್ರಾಯವಾದ ಪ್ರಬಂಧವನ್ನು ೧೮೯೭ರಲ್ಲಿ ಪ್ರಕಟಿಸಿದನು. ಮಿಷಿಗನ್ ವಿಶ್ವವಿದ್ಯಾನಿಲಯದ ಜೇಕಬ್ ರೈಗರ್ಡನು ಇದರ ಸಂಸಾರಜೀವನವನ್ನು ಪರಿಶೀಲಿಸಿ ೧೯೦೩ರಲ್ಲಿ ವರ್ಣಿಸಿದನು. ವಸಂತದಲ್ಲಿ ಗಂಡುಮೀನು ದಡದ ಹತ್ತಿರದ ಜೊಂಡನ್ನು ತೆರವುಮಾಡಿ ಗೂಡನ್ನು ಅಣಿಗೊಳಿಸುವುದು; ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋದ ಮೇಲೆ ಗೂಡನ್ನು ಕಾಯುವುದು; ಮರಿಗಳು ಹಿಂಡುಗಟ್ಟಿ ಹೊರಟಾಗ ಅವುಗಳ ಕಾವಲಿಗಾಗಿ ಜೊತೆಯಲ್ಲಿಯೇ ಸಂಚರಿಸುವುದು. ಇಷ್ಟು ವಾತ್ಸಲ್ಯವನ್ನು ಮೀನಿನ ಜಾತಿಯಲ್ಲಿ ನಿರೀಕ್ಷಿಸುವವರು ಕಡಿಮೆ.

ಆದರೆ ಪಂಡಿತರ ಈ ಆದರವು ಸರೋವರದ ದಡವನ್ನು ಮುಟ್ಟಲಿಲ್ಲ. ಅಮಿಯಾದ ಮಾಂಸವು ಮೆತ್ತಗಿದ್ದು ಬೇಗನೆ ಕೆಡುವುದು. ಅದಕ್ಕಾಗಿಯೇ ಹತ್ತಿಮೀನು ಎಂಬ ಅಡ್ಡಹೆಸರೂ ಬಂದಿತು. ಕೆಸರುಮೀನು, ನಾಯಿಮೀನು ಎಂದು ಕರೆದವರೂ ಉಂಟು. ೧೮೮೧ರಲ್ಲಿ ಜೇಮ್ಸ್ ಹೆನ್ಷಾಲ್ ಎಂಬಾತನು ಬ್ಲ್ಯಾಕ್ ಬಾಸ್ ಮೀನನ್ನು ಕುರಿತು ಒಂದು ಗ್ರಂಥವನ್ನೇ ಬರೆದು ಅದರ ಕೀರ್ತಿಯನ್ನು ಹೆಚ್ಚಿಸಿದನು. ಬಾಸ್, ಟ್ರೌಟ್ ಮುಂತಾದವು ಕ್ರೀಡೆಯ ಮೀನುಗಳೆನಿಸಿದಂತೆಲ್ಲ, ಅವುಗಳ ಮರಿಗಳನ್ನು ತಿನ್ನುವುದೆಂಬ ಆರೋಪವು ಅಮಿಯಾದ ಮೇಲೆ ಬಿದ್ದಿತು. ದೊಡ್ಡ ಮೀನೆಲ್ಲವೂ ಸಣ್ಣ ಮೀನನ್ನು ತಿನ್ನುವುದು. ಬಾಸ್ ಮೀನೂ ತಿನ್ನುವುದು. ಆದರೂ ತಪ್ಪು ಒಂದರದು ಮಾತ್ರವೆಂದು ತೀರ್ಮಾನವಾಯಿತು. ಗಾಳಕ್ಕೆ ಸಿಕ್ಕಿದ ಅಮಿಯಾವನ್ನು ನೀರಿಗೆ ಬಿಡದೆ ದಡದ ಮೇಲೆ ಎಸೆದು ಕೊಳೆಯಿಸುವುದು ಅನೇಕರಿಗೆ ಪುಣ್ಯಕಾರ್ಯದಂತೆ ತೋರಿತು. ಗಾಳಿಯನ್ನು ಉಸಿರಾಡಬಲ್ಲ ಪ್ರಾಣಿಯಾದುದರಿಂದ ಅದರ ಸಾವು ಬೇಗನೆ ಬರುತ್ತಿರಲಿಲ್ಲವೆಂಬುದನ್ನು ವಾಚಕರು ಊಹಿಸಬಹುದು.

ಅದರ ಮಾನವು ಮೇಲೇರತೊಡಗಿದುದು ಶಾಸ್ತ್ರದಿಂದಲ್ಲ, ಗಾಳದಿಂದಲೇ. ಗಾಳಕ್ಕೆ ಸಿಕ್ಕಿದಾಗ ಇದು ಕಾಳಗ ಕೊಡುವಷ್ಟು ಬಿರುಸಾಗಿ ಅನೇಕ ಗಣ್ಯ ಮೀನುಗಳೂ ಕೊಡಲಾರವೆಂಬುದನ್ನು ಕೆಲವರು ಕಂಡುಕೊಂಡರು. ಜೊಂಡಿನ ಅಂಚಿನಲ್ಲಿ ಮೀನಿನ ತುಂಡನ್ನು ಎರೆಯಾಗಿ ಇಳಿಬಿಟ್ಟು ಕಾಯುವರು. ಹರಿತವಾದ ಹಲ್ಲುಗಳು ನೂಲನ್ನು ಕಡಿಯದಂತೆ ಕೊಕ್ಕೆಯ ಬಳಿ ಉಕ್ಕಿನ ತಂತಿಯನ್ನು ಕಟ್ಟುವವರೂ ಉಂಟು. ೧೯೮೦ರ ಜನವರಿಯಲ್ಲಿ ದಕ್ಷಿಣ ಕೆರೋಲಿನಾದ ಫ್ಲಾರೆನ್ಸ್ ಪಟ್ಟಣದ ಬಳಿ ೨೧ ಪೌಂಡು ೮ ಔನ್ಸು, ಎಂದರೆ ೯.೭೫ ಕಿಲೋಗ್ರಾಂ, ತೂಗುವ ಅಮಿಯಾ ಸಿಕ್ಕಿತು. ೧೯೩೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕ್ರೀಡಾಮೀನುಗಳ ಸಂಘವು ಅದನ್ನು ಜಗತ್ತಿನ ದಾಖಲೆಯೆಂದು ಅಂಗೀಕರಿಸಿತು. ಮುಂದಿನ ನಾಲ್ವತ್ತು ವರ್ಷಗಳಲ್ಲಿ ಅದನ್ನು ಮೀರಿದ ಮೀನು ದಾಖಲೆಗೆ ಬರಲಿಲ್ಲ. ಗಾರ್ಡನ್ ವೈದ್ಯನು ಲಿನ್ನೇಯಸನಿಗೆ ಮೀನನ್ನು ಕಳುಹಿಸಿದ ಪ್ರಾಂತವೇ ಇದೂ ಆಗಿರುವುದು ಗಮನಾರ್ಹ.

ಆದರೆ ಮಾನವು ಹೆಚ್ಚಿದೊಡನೆ ಹೊಸ ಅಪಾಯಗಳೂ ಒದಗಿದವು. ೨೦೦೨ರಲ್ಲಿ ಮೇರಿಲೆಂಡ್ ಸಂಸ್ಥಾನದ ಕ್ರಾಫ್ಟನ್ ಊರಿನ ಕೊಳವೊಂದರಲ್ಲಿ ಚೀನಾ ಕಡೆಯ ಹಾವುತಲೆಯ ಮೀನು ಕಾಣಿಸಿಕೊಂಡಿತು. ಅದು ನಮ್ಮ ಕೆರೆಗಳ ಕೊರವ ಮೀನಿನ ದಾಯಾದಿ. ಕೊರವನಂತೆಯೇ ಗಾಳಿಯನ್ನು ಉಸಿರಾಡಿ ಮರಿಗಳನ್ನು ಕಾಯುವ ಜಾತಿ. ವಿದೇಶದ ಈ ಮೀನನ್ನು ಕಂಡಲ್ಲಿ ಕೊಲ್ಲಬೇಕೆಂದು ಅಧಿಕಾರಿಗಳು ಸಾರಿದರು. ಉದ್ದವಾದ ಬೆನ್ನುರೆಕ್ಕೆಯಲ್ಲಿ ಎರಡಕ್ಕೂ ಹೋಲಿಕೆಯಿರುವುದರಿಂದ ದೇಶೀಯವಾದ ಅಮಿಯಾವೂ ತಪ್ಪು ಗುರುತಿಗೆ ಬಲಿಯಾಗತೊಡಗಿತು. ಭೇದವನ್ನು ತಿಳಿಯುವುದು ಕಷ್ಟವಲ್ಲ: ಹೊಟ್ಟೆಯ ಹಿಂಭಾಗದ ಈಜುರೆಕ್ಕೆಯು ಹಾವುತಲೆಯ ಮೀನಿನಲ್ಲಿ ಉದ್ದ, ಅಮಿಯಾದಲ್ಲಿ ಗಿಡ್ಡ.

ಎರಡನೆಯ ಅಪಾಯವು ಮೊಟ್ಟೆಯದು. ಲೂಯಿಸಿಯಾನಾದಲ್ಲಿ ಶೂಪಿಕ್ ಎಂದು ಕರೆಯಲ್ಪಡುವ ಈ ಮೀನಿನ ಕಪ್ಪು ಮೊಟ್ಟೆಗಳು, ಕ್ಯಾಸ್ಪಿಯನ್ ಸಮುದ್ರದ ಸ್ಟರ್ಜನ್ ಮೀನುಗಳು ಕ್ಷೀಣಿಸಿದ ಮೇಲೆ, ಬೆಲೆಬಾಳುವ ಕೇವಿಯರಿಗೆ ಬದಲಾಗಿ ಮಾರಾಟಕ್ಕೆ ಬಂದವು. ಮೊಟ್ಟೆಗಾಗಿ ಕೊಲ್ಲಬೇಕಾದುದು ಹೆಣ್ಣನ್ನು. ಈ ಜಾತಿಯಲ್ಲಿ ಹೆಣ್ಣೇ ಗಂಡಿಗಿಂತ ದೊಡ್ಡದಾಗಿ ಬೆಳೆಯುವುದರಿಂದ, ದೊಡ್ಡ ಮೀನನ್ನು ಹಿಡಿದೆನೆಂಬ ಬಿರುದಿಗಾಗಿ ಗಾಳ ಹಾಕುವವನ ಕೈಗೂ ಬಹುಶಃ ಸಿಕ್ಕುವುದು ಹೆಣ್ಣೇ. ಸಾಕಿದ ಅಮಿಯಾಗಳು ಮೂವತ್ತು ವರ್ಷ ಬದುಕಿದುದುಂಟು. ಹೀಗೆ ಬಹುಕಾಲ ಬದುಕಬಲ್ಲ ಜಾತಿಯಲ್ಲಿ ಬೆಳೆದ ಹೆಣ್ಣೊಂದನ್ನು ಕಳೆದುಕೊಂಡರೆ ನಷ್ಟವು ಒಂದು ಮೀನಿನದಲ್ಲ, ಮುಂದಿನ ಹಲವು ವಸಂತಗಳದು.

ಈಚಿನ ವರ್ಷಗಳಲ್ಲಿ ಶಾಸ್ತ್ರವೂ ಕಾಯಿದೆಯೂ ಪರಸ್ಪರ ಸಮೀಪಿಸುತ್ತಿರುವ ಚಿಹ್ನೆಗಳಿವೆ. ೨೦೨೧ರಲ್ಲಿ ಈ ಮೀನಿನ ವಂಶವಾಹಿಗಳ ಸಮಗ್ರ ಲಿಪಿಯು ಪ್ರಕಟವಾಯಿತು. ಒಂದೇ ಜಾತಿಯೆಂದು ಬಹುಕಾಲ ಎಣಿಸಿದ್ದುದು ವಾಸ್ತವದಲ್ಲಿ ಎರಡೆಂದು ೨೦೨೨ರಲ್ಲಿ ನಿರ್ಧಾರವಾಗಿ, ರಿಚರ್ಡ್‌ಸನ್ನನು ೧೮೩೬ರಲ್ಲಿ ಹ್ಯೂರನ್ ಸರೋವರದ ಮೀನಿಗೆ ಕೊಟ್ಟಿದ್ದ ಅಮಿಯಾ ಆಸೆಲಿಕಾಡಾ ಎಂಬ ಹೆಸರಿಗೆ ಮತ್ತೆ ಜೀವ ಬಂದಿತು. ಕಸದ ಮೀನೆಂದು ಒಟ್ಟಾಗಿ ಕರೆಯುತ್ತಿದ್ದವುಗಳಲ್ಲಿ ಎಷ್ಟು ಜಾತಿಗಳಿವೆಯೆಂಬುದನ್ನು ಕೂಡ ಲೋಕವು ಎಣಿಸಿರಲಿಲ್ಲವೆಂದಾಯಿತು. ೨೦೨೪ರಲ್ಲಿ ಮಿನ್ನೆಸೋಟಾ ಸಂಸ್ಥಾನವು ಅಮಿಯಾ ಮೊದಲಾದ ದೇಶೀಯ ಮೀನುಗಳನ್ನು ಹೊರಗಿನಿಂದ ಬಂದ ಉಪದ್ರವಕಾರಿ ಮೀನುಗಳ ಗುಂಪಿನಿಂದ ಕಾಯಿದೆಯಲ್ಲಿ ಬೇರ್ಪಡಿಸಿತು.

ಪಂಡಿತನು ನೂರು ವರ್ಷಗಳ ಹಿಂದೆಯೇ ಕೊಟ್ಟ ಗೌರವವು ಈ ಮೀನನ್ನು ದಡದ ಸಾವಿನಿಂದ ಬಿಡಿಸಲಿಲ್ಲ. ಗಾಳಗಾರನು ಈಚೆಗೆ ಕೊಟ್ಟ ಗೌರವವು ಸ್ವಲ್ಪಮಟ್ಟಿಗೆ ಬಿಡಿಸಿದೆ. ಆದರೆ ಆತನ ಮೆಚ್ಚುಗೆಯು ತೂಕದ ತಕ್ಕಡಿಯಲ್ಲಿಯೇ ನಿಂತರೆ ಹಳೆಯ ಅಳತೆಗೋಲೇ ಮುಂದುವರಿದಂತೆ. ಹಿಡಿದ ಹಿರಿಯ ಹೆಣ್ಣನ್ನು ತೂಗಿ, ನೋಡಿ, ಮತ್ತೆ ನೀರಿಗೆ ಬಿಡುವವರು ಇಂದು ಅಲ್ಲಲ್ಲಿ ಇದ್ದಾರೆ. ಅವರ ಸಂಖ್ಯೆಯು ಬೆಳೆಯುವುದರಲ್ಲಿ ಈ ಪುರಾತನ ಕುಲದ ಕ್ಷೇಮವಿದೆ.